ಮುಲಾಮಿಗೆ ಮೊದಲು ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಚರ್ಮದ ತುರಿಕೆಯೂ ಅದರ ಹಿಂದೆಯೇ ಬರುತ್ತದೆ. ನಾಟಿ ಗದ್ದೆಯ ಕೆಸರಿನಲ್ಲಿ ದಿನವಿಡೀ ನೆನೆಯುವ ಕಾಲು, ವಾರ ಕಳೆದರೂ ಒಣಗದ ಬಟ್ಟೆ, ಕಂಬಳಿಕೊಪ್ಪೆಯ ಬದಲಿಗೆ ಬಂದಿರುವ ಪ್ಲಾಸ್ಟಿಕ್ ಹೊದಿಕೆಯೊಳಗಿನ ಬೆವರು ಇವೆಲ್ಲ ಸೇರಿ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣನ್ನೂ, ತೊಡೆಸಂದಿಯಲ್ಲಿ ಮತ್ತು ಸೊಂಟದ ಸುತ್ತ ಹುಳುಕಡ್ಡಿಯನ್ನೂ ಬೆಳೆಸುತ್ತವೆ. ಉತ್ತರ ಕರ್ನಾಟಕದವರು ಗಜಕರ್ಣವೆನ್ನುವ ಈ ಹುಳುಕಡ್ಡಿ ಹುಳುವಿನಿಂದ ಬರುವುದಲ್ಲ, ಶಿಲೀಂಧ್ರದಿಂದ ಬರುವುದು ಎಂಬ ತಿಳಿವಳಿಕೆ ಈಗ ಬಹುಪಾಲು ಜನರಿಗೆ ಇದೆ. ಆರೋಗ್ಯವಂತರಲ್ಲಿ ಅದು ಕಾಟ ಕೊಡುವ ಕಾಯಿಲೆಯೇ ಹೊರತು ಪ್ರಾಣಕ್ಕೆ ಎರವಾಗುವಂಥದ್ದಲ್ಲ. ಆದರೆ ರೋಗನಿರೋಧಕ ಶಕ್ತಿ ಕುಂದಿರುವವರ ಮೈಮೇಲೆ ಅಂಥದೇ ಒಂದು ಕಲೆ ಕಾಣಿಸಿಕೊಂಡಾಗ ಅದನ್ನು ನೋಡಬೇಕಾದ ಕ್ರಮವೇ ಬೇರೆ. ಸರ್ಕಾರಿ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಸೇವಾವಧಿಯನ್ನು ಕಳೆದು ನಿವೃತ್ತನಾದ ನಾನು ಆ ವ್ಯತ್ಯಾಸವನ್ನು ತಮ್ಮ ಓದುಗರ ಮುಂದೆಯೂ ಆರೋಗ್ಯ ಇಲಾಖೆಯ ಮುಂದೆಯೂ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ರೋಗನಿರೋಧಕ ಶಕ್ತಿ ಕುಂದಿದವರು ಎಂದೊಡನೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿರುವವರೇ ನಮ್ಮ ಕಣ್ಣ ಮುಂದೆ ಬರುತ್ತಾರೆ. ವಾಸ್ತವದಲ್ಲಿ ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಮನೆಗಳಲ್ಲೇ ಓಡಾಡಿಕೊಂಡು, ದುಡಿದುಕೊಂಡು ಇದ್ದಾರೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ಜೀವನಪರ್ಯಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್ ಎಂಬ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ನುಂಗಬೇಕಾದವರು, ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿರುವವರು, ಎಚ್‌ಐವಿ ಸೋಂಕಿನಿಂದ ಸಿಡಿ4 ಎಂಬ ರಕ್ಷಕ ಬಿಳಿ ರಕ್ತಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದಿರುವವರು, ಲೂಪಸ್, ಪೆಂಫಿಗಸ್, ಸಂಧಿವಾತಗಳಿಗಾಗಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಈಚೆಗೆ ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಬಯಾಲಜಿಕ್ ಎಂಬ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿರುವವರು ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ಎಲ್ಲಕ್ಕಿಂತ ದೊಡ್ಡ ಗುಂಪು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇಷ್ಟು ದೊಡ್ಡ ಜನಸಮುದಾಯದ ಚರ್ಮದ ಪ್ರಶ್ನೆಯನ್ನು ಕೆಲವೇ ತಜ್ಞರ ಕಾಳಜಿಯೆಂದು ಬದಿಗೆ ಸರಿಸಲು ಬರುವುದಿಲ್ಲ.

ಇವರಲ್ಲಿ ಕಾಯಿಲೆಯನ್ನು ಗುರುತಿಸುವುದೇ ಮೊದಲ ಕಷ್ಟ. ಹುಳುಕಡ್ಡಿಯ ಶಿಲೀಂಧ್ರ ಚರ್ಮದ ಅತಿ ಹೊರಗಿನ, ಜೀವವಿಲ್ಲದ ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುತ್ತದೆ. ನಾವು ನೋಡುವ ಕೆಂಪು ಉಂಗುರ, ಉಬ್ಬಿದ ಅಂಚು, ತಡೆಯಲಾಗದ ತುರಿಕೆ ಇವು ಬಹುಮಟ್ಟಿಗೆ ಶಿಲೀಂಧ್ರವನ್ನು ಹೊರದಬ್ಬಲು ಶರೀರ ನಡೆಸುವ ಹೋರಾಟದ ಗುರುತುಗಳು. ಹೋರಾಡುವ ಶಕ್ತಿಯೇ ಕುಂದಿರುವವರಲ್ಲಿ ಆ ಗುರುತುಗಳೂ ಮಾಸುತ್ತವೆ. ಉಂಗುರವಿಲ್ಲದೆ, ತುರಿಕೆಯೂ ಹೆಚ್ಚಿಲ್ಲದೆ, ಬರೀ ಬೂದು ಬಣ್ಣದ ಹೊಟ್ಟೇಳುವ ತೇಪೆಯಾಗಿ ಅದು ಬೆನ್ನು, ಪಿರ್ರೆ, ತೊಡೆಗಳ ತುಂಬ ಹರಡಬಹುದು. ನೋಡಿದವರು ಅದನ್ನು ಇಸಬು ಎನ್ನುತ್ತಾರೆ, ಸೋರಿಯಾಸಿಸ್ ಎನ್ನುತ್ತಾರೆ, ಅಲರ್ಜಿ ಎನ್ನುತ್ತಾರೆ. ಸ್ಟೀರಾಯ್ಡ್ ಮುಲಾಮು ಹಚ್ಚಿದ ಆರೋಗ್ಯವಂತರಲ್ಲೂ ಹೀಗೆಯೇ ಆಗುತ್ತದೆಂಬುದನ್ನು 1968ರಷ್ಟು ಹಿಂದೆಯೇ ಬ್ರಿಟನ್ನಿನ ಇಬ್ಬರು ವೈದ್ಯರು ವರದಿ ಮಾಡಿದ್ದರು. ಅಂದರೆ ಮುಲಾಮು ಒಂದು ಜಾಗದಲ್ಲಿ ಮಾಡುವ ಕೆಲಸವನ್ನು ಕಸಿಯ ಮಾತ್ರೆಗಳು ಇಡೀ ಮೈಗೆ ಮಾಡುತ್ತವೆ. ಕಾಯಿಲೆ ಅಷ್ಟಕ್ಕೇ ನಿಲ್ಲದೆ ಕೂದಲ ಬುಡದ ಮೂಲಕ ಚರ್ಮದ ಒಳಪದರಕ್ಕೆ ಇಳಿದು ಗಂಟುಗಳಾಗುವುದೂ ಉಂಟು. ಇಟಲಿಯ ವೈದ್ಯ ಮಜೋಕಿ 1883ರಲ್ಲಿ ಮೊದಲು ವಿವರಿಸಿದ ಈ ಸ್ಥಿತಿಯಲ್ಲಿ ಮೇಲಿನಿಂದ ಹಚ್ಚುವ ಯಾವ ಮುಲಾಮೂ ಬೇರಿಗೆ ತಲುಪುವುದಿಲ್ಲ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯೇ ಬೇಕಾಗುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ನನ್ನ ವೃತ್ತಿಯ ಅನುಭವದಿಂದ ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಈ ಸಂದೇಹಗಳಲ್ಲಿ ಹೆಚ್ಚಿನದನ್ನು ಪರಿಹರಿಸಬಲ್ಲ ಪರೀಕ್ಷೆ ನಮ್ಮ ಕೈಯಲ್ಲಿಯೇ ಇದೆ. ಕಲೆಯ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ, ಮೊಂಡು ಬ್ಲೇಡಿನಿಂದಲೋ ಗಾಜಿನ ಸ್ಲೈಡಿನ ಅಂಚಿನಿಂದಲೋ ಮೆಲ್ಲಗೆ ಹೆರೆದರೆ ಒಂದಿಷ್ಟು ಹೊಟ್ಟು ಉದುರುತ್ತದೆ. ಅದನ್ನು ಸ್ಲೈಡಿನ ಮೇಲಿಟ್ಟು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದೆರಡು ಹನಿ ಬಿಟ್ಟು, ಕವರ್‌ಸ್ಲಿಪ್ ಮುಚ್ಚಿ ಸ್ವಲ್ಪ ಹೊತ್ತು ಕಾದರೆ ಚರ್ಮದ ಕಣಗಳು ಕರಗಿ ತಿಳಿಯಾಗುತ್ತವೆ, ಕರಗದೆ ಉಳಿದ ಶಿಲೀಂಧ್ರದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅಡ್ಡಗೋಡೆಗಳುಳ್ಳ, ಕವಲೊಡೆದ ತೆಳು ಎಳೆಗಳು ಕಂಡರೆ ಹುಳುಕಡ್ಡಿಯ ಗುಂಪು, ಮೊಗ್ಗು ಮೂಡಿದಂಥ ದುಂಡು ಕಣಗಳು ಕಂಡರೆ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರದ ಗುಂಪು. ಚರ್ಮಕ್ಕೆ ಇದು ಅರ್ಧ ಗಂಟೆಯೊಳಗಿನ ಕೆಲಸ. ಉಗುರಿನ ಚೂರಾದರೆ ಇನ್ನೂ ಗಾಢ ದ್ರಾವಣ ಬೇಕು, ರಾತ್ರಿಯಿಡೀ ಇಡಬೇಕಾಗಲೂಬಹುದು. ಈಗಾಗಲೇ ಶಿಲೀಂಧ್ರದ ಮುಲಾಮು ಹಚ್ಚಿಕೊಂಡು ಬಂದವರಲ್ಲಿ ಎಳೆಗಳು ಸಿಗದೇ ಹೋಗಬಹುದಾದ್ದರಿಂದ ಒಮ್ಮೆ ಕಾಣಲಿಲ್ಲವೆಂದು ಸೋಂಕೇ ಇಲ್ಲವೆಂದು ತೀರ್ಮಾನಿಸಬಾರದೆಂಬುದನ್ನೂ ಇದರೊಂದಿಗೆ ಹೇಳಬೇಕು. ಮುಲಾಮಿಗೆ ಮೊದಲು ಪರೀಕ್ಷೆಯಾಗಬೇಕೆಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ. ಎಳೆಗಳನ್ನು ಬೆಳೆಸಿ ಜಾತಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ನಾಲ್ಕು ವಾರದವರೆಗೂ ಕಾಯಬೇಕು, ಅದು ದೊಡ್ಡ ಆಸ್ಪತ್ರೆಗಳ ಕೆಲಸ. ಆದರೆ ಹೆರೆದು ನೋಡುವುದಕ್ಕೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ಅಗ್ಗದ ಒಂದು ರಾಸಾಯನಿಕ, ನೋಡಿ ಪಳಗಿದ ಕಣ್ಣು. ಕ್ಷಯದ ಕಫ ಪರೀಕ್ಷೆಗೂ ಮಲೇರಿಯಾ ರಕ್ತಲೇಪನಕ್ಕೂ ತಾಲ್ಲೂಕು ಮಟ್ಟದಲ್ಲಿ ಸೂಕ್ಷ್ಮದರ್ಶಕಗಳು ಬಂದು ದಶಕಗಳೇ ಆಗಿವೆ. ಹೀಗಿದ್ದೂ ಎಷ್ಟೋ ಕಡೆ ಚರ್ಮದ ಹೊಟ್ಟನ್ನು ನೋಡುವ ರೂಢಿಯೇ ಬೆಳೆಯಲಿಲ್ಲ ಎನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ನನ್ನ ತಂಗಿಯ ಯಜಮಾನರು ಮೂತ್ರಪಿಂಡ ಕಸಿ ಮಾಡಿಸಿಕೊಂಡವರು. ಸೊಂಟದ ಬಳಿ ಮೂಡಿದ ಕಲೆಯೊಂದಕ್ಕೆ ಊರಿನ ಔಷಧಿ ಅಂಗಡಿಯಲ್ಲಿ ಕೇಳಿದಾಗ ಒಂದು ಟ್ಯೂಬ್ ಕೊಟ್ಟರು. ನೀವು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಲಿಲ್ಲ. ಕೆಲವು ದಿನ ತಣ್ಣಗಾದ ಕಲೆ ಮುಲಾಮು ನಿಲ್ಲಿಸಿದ ಕೂಡಲೇ ಇಮ್ಮಡಿಯಾಗಿ ತೊಡೆಗೆ ಇಳಿಯಿತು. ಆಮೇಲೆ ತೋರಿಸಿದ ಖಾಸಗಿ ಚಿಕಿತ್ಸಾಲಯದಲ್ಲಿ ಇಟ್ರಾಕೊನಜೋಲ್ ಎಂಬ ಶಿಲೀಂಧ್ರ ನಿರೋಧಕ ಔಷಧಿ ಬರೆದುಕೊಟ್ಟರು. ಸೋಂಕಿಗೆ ಅದು ಸರಿಯಾದ ಔಷಧಿಯೇ, ಆದರೆ ಕಸಿಯ ಮಾತ್ರೆಯ ವಿಷಯ ಅಲ್ಲಿಯೂ ಯಾರೂ ವಿಚಾರಿಸಲಿಲ್ಲ. ಟ್ಯಾಕ್ರೋಲಿಮಸನ್ನು ಯಕೃತ್ತಿನಲ್ಲಿ ಒಡೆಯುವ ಕಿಣ್ವವನ್ನು ಇಟ್ರಾಕೊನಜೋಲ್ ತಡೆಯುತ್ತದೆ. ಹಾಗಾಗಿ ಎಂದಿನ ಪ್ರಮಾಣದ ಟ್ಯಾಕ್ರೋಲಿಮಸ್ಸೇ ರಕ್ತದಲ್ಲಿ ಏರುತ್ತಾ ಹೋಯಿತು, ಕೈ ನಡುಗತೊಡಗಿತು, ಮೂತ್ರಪಿಂಡದ ಕೆಲಸ ಕುಂದಿದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಮೇಲೇರಿತು. ಕಸಿ ಮಾಡಿದ ಆಸ್ಪತ್ರೆಯ ಮೂತ್ರಪಿಂಡ ತಜ್ಞರು ಸಮಯಕ್ಕೆ ಸರಿಯಾಗಿ ರಕ್ತದಲ್ಲಿ ಔಷಧಿಯ ಮಟ್ಟ ನೋಡಿ, ಪ್ರಮಾಣ ಇಳಿಸಿ, ಒಡಹುಟ್ಟಿದ ಅಕ್ಕ ಕೊಟ್ಟ ಆ ಮೂತ್ರಪಿಂಡವನ್ನು ಉಳಿಸಿದರು. ಹುಳುಕಡ್ಡಿಗೆ ಚಿಕಿತ್ಸೆ ಪಡೆಯಲು ಹೋಗಿ ಕಸಿ ಮಾಡಿದ ಅಂಗವನ್ನೇ ಕಳೆದುಕೊಳ್ಳುವ ಹಂತ ಬಂದಿತ್ತು ಎಂದರೆ ಕೇಳಿದವರಿಗೆ ಉತ್ಪ್ರೇಕ್ಷೆ ಎನಿಸಬಹುದು. ಔಷಧ ವಿಜ್ಞಾನ ಬಲ್ಲ ಯಾರಿಗೂ ಇದು ಹೊಸ ವಿಷಯವಲ್ಲ. ಫ್ಲೂಕೊನಜೋಲ್, ವೊರಿಕೊನಜೋಲ್ ಎಂಬ ಶಿಲೀಂಧ್ರ ಔಷಧಿಗಳೂ ಹೀಗೆಯೇ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಇಟ್ರಾಕೊನಜೋಲ್ ಜೊತೆ ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಸೇರಿದರೆ ಸ್ನಾಯುಗಳಿಗೆ ಹಾನಿ, ಹೃದಯ ವೈಫಲ್ಯವಿದ್ದವರು ಇಟ್ರಾಕೊನಜೋಲನ್ನು ತೆಗೆದುಕೊಳ್ಳಬಾರದು, ಗ್ಯಾಸ್ಟ್ರಿಕ್‌ಗೆಂದು ದಿನವೂ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಅದರ ಕ್ಯಾಪ್ಸೂಲನ್ನು ಶರೀರ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅದು ಬೇಗ ಕರಗಿಹೋಗಿ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದ ತಮ್ಮ ಎಲ್ಲ ಮಾತ್ರೆಗಳ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಯಾವ ವೈದ್ಯರ ಬಳಿಗಾದರೂ ಹೋಗಬೇಕೆಂದು, ಅವರು ಕೇಳದಿದ್ದರೂ ಅದನ್ನು ಮುಂದಿಡಬೇಕೆಂದು ಕಸಿ ಮಾಡಿಸಿಕೊಂಡವರಲ್ಲಿ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಸಿಗುವ ಆ ಟ್ಯೂಬಿನೊಳಗೆ ಏನಿರುತ್ತದೆ ಎಂಬುದನ್ನು ಜನ ತಿಳಿಯಬೇಕು. ಕ್ಲೊಬೆಟಸಾಲ್‌ನಂತಹ ಅತಿ ಪ್ರಬಲ ಸ್ಟೀರಾಯ್ಡ್, ಒಂದು ಬ್ಯಾಕ್ಟೀರಿಯಾ ನಿರೋಧಕ, ಒಂದೆರಡು ಶಿಲೀಂಧ್ರ ನಿರೋಧಕಗಳನ್ನು ಒಟ್ಟಿಗೆ ಬೆರೆಸಿದ ಮುಲಾಮುಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ಮಾರಾಟವಾಗುತ್ತ ಬಂದಿವೆ. ಸ್ಟೀರಾಯ್ಡ್ ತುರಿಕೆಯನ್ನು ಕೂಡಲೇ ಅಡಗಿಸುವುದರಿಂದ ಔಷಧಿ ಕೆಲಸ ಮಾಡಿತೆಂಬ ಸಮಾಧಾನ ರೋಗಿಗೆ ಸಿಗುತ್ತದೆ, ಅದೇ ಸ್ಟೀರಾಯ್ಡ್ ಆ ಜಾಗದ ರಕ್ಷಣೆಯನ್ನು ಕುಗ್ಗಿಸಿ ಶಿಲೀಂಧ್ರಕ್ಕೆ ದಾರಿ ಬಿಟ್ಟುಕೊಡುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಅಳಿಸಲಾಗದ ಬಿಳಿ ಗೀರುಗಳು ಬೀಳುವುದೂ ಇದರಿಂದಲೇ. ಭಾರತೀಯ ಚರ್ಮರೋಗ ತಜ್ಞರ ಸಂಘ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ರಚಿಸಿಕೊಂಡು ಹೋರಾಡಿದೆ. ಅದರ ಪ್ರಯತ್ನದ ಫಲವಾಗಿ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ತಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಸಮರ್ಥನೆಯಿಲ್ಲದ 328 ಮಿಶ್ರಣ ಔಷಧಿಗಳನ್ನು ನಿಷೇಧಿಸಿದಾಗ ಇಂತಹ ಕೆಲವು ಮುಲಾಮುಗಳೂ ಆ ಪಟ್ಟಿಯಲ್ಲಿದ್ದವು. ಕಾನೂನು ಇಷ್ಟು ದೂರ ಬಂದಿದ್ದರೂ ಹೋಬಳಿ ಮಟ್ಟದ ಅಂಗಡಿಯೊಂದರಲ್ಲಿ ನಿಂತು ತುರಿಕೆಗೆ ಏನಾದರೂ ಕೊಡಿ ಎಂದು ಕೇಳಿ ನೋಡಿದವರಿಗೆ ಅದು ಎಷ್ಟರ ಮಟ್ಟಿಗೆ ಜಾರಿಯಲ್ಲಿದೆ ಎಂಬುದು ಗೊತ್ತಾಗುತ್ತದೆ. ಔಷಧ ನಿಯಂತ್ರಣ ಇಲಾಖೆ ನಿದ್ರೆ ಮಾತ್ರೆಗಳ ಮಾರಾಟದ ಮೇಲಿಡುವ ಕಣ್ಣನ್ನು ಈ ಟ್ಯೂಬುಗಳ ಮೇಲೂ ಇಡಬೇಕು.

ಇದು ನಮ್ಮ ದೇಶದ ಗಡಿಯನ್ನೂ ದಾಟಿದ ಸಮಸ್ಯೆಯಾಗಿದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಹುಳುಕಡ್ಡಿಯ ಸ್ವಭಾವವೇ ಬದಲಾಗಿ, ಎರಡು ವಾರದ ಔಷಧಿಗೆ ಹೋಗುತ್ತಿದ್ದದ್ದು ತಿಂಗಳುಗಟ್ಟಲೆ ಉಳಿಯತೊಡಗಿತು. ಭಾರತ ಮತ್ತು ನೇಪಾಳ ಮೂಲದ ರೋಗಿಗಳಿಂದ ಪಡೆದ ಶಿಲೀಂಧ್ರವನ್ನು ಜಪಾನಿನ ವಿಜ್ಞಾನಿಗಳು 2020ರಲ್ಲಿ ಪ್ರತ್ಯೇಕ ಪ್ರಭೇದವೆಂದು ವಿವರಿಸಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಎಂಬ ಮುಖ್ಯ ಔಷಧಿ ಯಾವ ಕಿಣ್ವವನ್ನು ತಡೆದು ಶಿಲೀಂಧ್ರವನ್ನು ಕೊಲ್ಲುತ್ತದೆಯೋ ಆ ಕಿಣ್ವದ ಜೀನ್‌ನಲ್ಲೇ ಮಾರ್ಪಾಡು ಮಾಡಿಕೊಂಡು ಇದು ಔಷಧಿಗೆ ಮಣಿಯದಂತಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕಿನ ಇಬ್ಬರು ರೋಗಿಗಳಲ್ಲಿ ಇದನ್ನು ವರದಿ ಮಾಡಿತು. ಆರೋಗ್ಯವಂತರಲ್ಲೇ ಇಷ್ಟು ಹಟಮಾರಿಯಾದ ಈ ಪ್ರಭೇದ ಕಸಿ ಮಾಡಿಸಿಕೊಂಡವರ ಮೈಮೇಲೆ ಬಂದರೆ ವೈದ್ಯರ ಮುಂದಿರುವ ದಾರಿ ಬಹಳ ಕಿರಿದಾಗುತ್ತದೆ. ಟ್ಯಾಕ್ರೋಲಿಮಸ್ ಜೊತೆ ಹೆಚ್ಚು ತಕರಾರಿಲ್ಲದೆ ಹೊಂದಿಕೊಳ್ಳುವ ಟರ್ಬಿನಾಫಿನ್ ಕೆಲಸ ಮಾಡುವುದಿಲ್ಲ, ಕೆಲಸ ಮಾಡುವ ಇಟ್ರಾಕೊನಜೋಲ್ ಟ್ಯಾಕ್ರೋಲಿಮಸ್ ಜೊತೆ ಹೊಂದಿಕೊಳ್ಳುವುದಿಲ್ಲ.

ಇದುವರೆಗೆ ಹೇಳಿದ್ದು ಚರ್ಮದಲ್ಲಿ ಹುಟ್ಟಿ ಬಹುಪಾಲು ಚರ್ಮದಲ್ಲೇ ಉಳಿಯುವ ಸೋಂಕಿನ ಮಾತು. ಇನ್ನೊಂದು ಬಗೆಯಿದೆ, ಅದರಲ್ಲಿ ಗಂಟೆಗಳ ಲೆಕ್ಕ. 2021ರ ಬೇಸಿಗೆಯಲ್ಲಿ ಕೊರೊನಾದ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವನ್ನು ನಾವು ಯಾರೂ ಮರೆತಿಲ್ಲ. ಆ ವರ್ಷದ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ಮತ್ತು 4,300ಕ್ಕೂ ಹೆಚ್ಚು ಸಾವುಗಳು ಆಗಿವೆಯೆಂದು ಕೇಂದ್ರ ಆರೋಗ್ಯ ಸಚಿವರು ಸಂಸತ್ತಿಗೆ ತಿಳಿಸಿದ್ದರು. ಮೂಗು, ಕಣ್ಣು, ಮಿದುಳಿಗೆ ಅದು ಹರಡಿದ ರೀತಿ ಆಗ ಮನೆಮಾತಾಯಿತು. ಅದೇ ಮ್ಯೂಕರ್ ಗುಂಪಿನ ಶಿಲೀಂಧ್ರಗಳು ಗಾಯದ ಮೂಲಕ ನೇರವಾಗಿ ಚರ್ಮಕ್ಕೂ ನುಗ್ಗುತ್ತವೆ ಎಂಬುದು ಅಷ್ಟಾಗಿ ತಿಳಿದಿಲ್ಲ. ರಸ್ತೆ ಅಪಘಾತದಲ್ಲಿ ಮಣ್ಣು ಹೊಕ್ಕ ಗಾಯ, ಸುಟ್ಟ ಗಾಯ, ಶಸ್ತ್ರಚಿಕಿತ್ಸೆಯ ಗಾಯ, ಕೆಲವೊಮ್ಮೆ ಚುಚ್ಚುಮದ್ದು ಹಾಕಿದ ಜಾಗ ಇದಕ್ಕೆ ಬಾಗಿಲಾಗುತ್ತದೆ. ಇವುಗಳಲ್ಲೊಂದಾದ ಅಪೊಫೈಸೊಮೈಸಿಸ್ ಎಂಬುದನ್ನು ವಿಜ್ಞಾನಿಗಳು 1979ರಲ್ಲಿ ಮೊದಲು ವಿವರಿಸಿದ್ದೇ ಉತ್ತರ ಭಾರತದ ಮಾವಿನ ತೋಪಿನ ಮಣ್ಣಿನಿಂದ. ಅಮೆರಿಕದ ಜಾಪ್ಲಿನ್ ನಗರದಲ್ಲಿ 2011ರ ಸುಂಟರಗಾಳಿಗೆ ಸಿಕ್ಕಿ ಗಾಯಗೊಂಡ 13 ಜನರಿಗೆ ಇದರ ಸೋಂಕು ತಗಲಿ ಐವರು ಸತ್ತರು. ಆರೋಗ್ಯವಂತರ ಗಾಯಕ್ಕೂ ಹೊಕ್ಕಬಲ್ಲ ಈ ಶಿಲೀಂಧ್ರಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರ ಶರೀರ ಇನ್ನಷ್ಟು ಅನುಕೂಲ. ಅದು ರಕ್ತನಾಳಗಳನ್ನು ಹೊಕ್ಕು ಮುಚ್ಚುವುದರಿಂದ ಮಾಂಸ ಸತ್ತು ಕಪ್ಪಾಗುತ್ತದೆ. ಗಾಯದ ಸುತ್ತಲ ಕಪ್ಪು ಒಂದೆರಡು ದಿನದಲ್ಲೇ ಹಬ್ಬುತ್ತಿದ್ದರೆ, ಸಾಮಾನ್ಯ ಆಂಟಿಬಯೋಟಿಕ್‌ಗೆ ಜಗ್ಗದಿದ್ದರೆ, ಡ್ರೆಸ್ಸಿಂಗ್ ಬದಲಿಸುತ್ತಾ ಕಾಯುವಂತಿಲ್ಲ. ಆ ಅಂಗಾಂಶದ ತುಣುಕನ್ನು ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಗಲವಾದ, ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ವಿರಳವಾದ, ರಿಬ್ಬನ್ನಿನಂತಹ ಎಳೆಗಳು ಕಾಣುತ್ತವೆ. ಸತ್ತ ಭಾಗವನ್ನು ಕತ್ತರಿಸಿ ತೆಗೆಯುವುದು ಮತ್ತು ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರ ನಿರೋಧಕ ಔಷಧಿ ಕೊಡುವುದು ಎರಡೂ ಆಗಬೇಕು. ಆ ಬೇಸಿಗೆಯಲ್ಲಿ ಈ ಔಷಧಿಗಾಗಿ ರೋಗಿಗಳ ಮನೆಯವರು ಊರೂರು ಅಲೆದದ್ದನ್ನು ಕಂಡ ಮೇಲೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಸ್ವಲ್ಪವಾದರೂ ದಾಸ್ತಾನು ಸದಾ ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲವೆಂದು ಭಾವಿಸುತ್ತೇನೆ.

ಚರ್ಮದ ಮೇಲಿನ ಸಣ್ಣ ಗುಳ್ಳೆ ಒಳಗಿನ ದೊಡ್ಡ ಕಾಯಿಲೆಯ ಸುದ್ದಿ ತರುವುದೂ ಇದೆ. ಎಚ್‌ಐವಿ ಇರುವವರ ಮುಖದ ಮೇಲೆ ನಡುವೆ ಕುಳಿ ಬಿದ್ದ ಸಣ್ಣ ಗುಳ್ಳೆಗಳೆದ್ದರೆ ಅದು ವೈರಸ್ಸಿನಿಂದ ಬರುವ ನಿರುಪದ್ರವಿ ಗುಳ್ಳೆಯಾಗಿರಬಹುದು, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವೂ ಆಗಿರಬಹುದು. ಎರಡನೆಯದಾದರೆ ಮಿದುಳ ಪೊರೆಗೆ ಅದು ತಲುಪಿದೆಯೇ ಎಂದು ಅಂದೇ ನೋಡಬೇಕು. ಮಣಿಪುರ ಮತ್ತು ಸುತ್ತಲ ಈಶಾನ್ಯ ರಾಜ್ಯಗಳಲ್ಲಿ ಕಾಣುವ ಟ್ಯಾಲರೊಮೈಸಿಸ್ ಮಾರ್ನೆಫಿ ಎಂಬ ಶಿಲೀಂಧ್ರವೂ ಥೇಟು ಇಂಥದೇ ಗುಳ್ಳೆಗಳನ್ನು ಎಬ್ಬಿಸುತ್ತದೆ. ಆ ಭಾಗದಿಂದ ಬೆಂಗಳೂರಿಗೆ ದುಡಿಯಲು ಬಂದವರು ಅಪಾರ ಸಂಖ್ಯೆಯಲ್ಲಿರುವುದರಿಂದ, ಯಾವ ಊರಿನವರು ಎಂಬ ಪ್ರಶ್ನೆಯನ್ನು ಇಲ್ಲಿನ ವೈದ್ಯರು ತಪ್ಪದೇ ಕೇಳಬೇಕಾಗಿದೆ. ರಕ್ತದ ಕ್ಯಾನ್ಸರಿಗೆ ಕಿಮೋಥೆರಪಿ ಪಡೆದು ಬಿಳಿ ರಕ್ತಕಣಗಳು ತೀರಾ ಇಳಿದಿರುವ ದಿನಗಳಲ್ಲಿ ಕಾಲಿನ ಉಗುರುಸುತ್ತು ಕೂಡ ಅಪಾಯಕಾರಿ. ಉಗುರಿನಲ್ಲಿ ಅಡಗಿದ ಫ್ಯೂಸೇರಿಯಂ ಎಂಬ ಶಿಲೀಂಧ್ರ ಅಲ್ಲಿಂದ ರಕ್ತಕ್ಕೆ ಸೇರಿ ಮೈತುಂಬ ನೋವಿನ ಕಪ್ಪು ಗಂಟುಗಳನ್ನು ಎಬ್ಬಿಸಬಲ್ಲದು. ಕಿಮೋ ಶುರುವಾಗುವ ಮುನ್ನ ಕಾಲುಗುರುಗಳನ್ನೂ ಬೆರಳಸಂದಿಗಳನ್ನೂ ವೈದ್ಯರಿಗೆ ತೋರಿಸಿಕೊಳ್ಳುವುದು ಅದಕ್ಕಾಗಿಯೇ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಆದ್ಯತಾ ಪಟ್ಟಿ ಪ್ರಕಟಿಸಿದಾಗ ಅದರಲ್ಲಿದ್ದ 19ರಲ್ಲಿ ಕ್ರಿಪ್ಟೊಕಾಕಸ್ ಅತಿ ಗಂಭೀರ ಗುಂಪಿನಲ್ಲಿಯೂ, ಮ್ಯೂಕರ್ ಗುಂಪು ಮತ್ತು ಫ್ಯೂಸೇರಿಯಂ ಅದರ ನಂತರದ ಗುಂಪಿನಲ್ಲಿಯೂ ಇದ್ದವು.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಲಂಗದ ಲಾಡಿ ಬಿಗಿದ ಗೆರೆಯಲ್ಲಿ, ಸ್ತನಗಳ ಅಡಿಯಲ್ಲಿ, ತೊಡೆಸಂದಿಯಲ್ಲಿ ಬೆವರು ನಿಂತು ಸೋಂಕು ಹಿಡಿದಾಗ ಅದನ್ನು ಮನೆಯವರಿಗೂ ಹೇಳದೆ, ವೈದ್ಯರು ಗಂಡಸಾದರೆ ತೋರಿಸಲೂ ಆಗದೆ ತಿಂಗಳುಗಟ್ಟಲೆ ನುಂಗಿಕೊಂಡವರನ್ನು ನಾನು ಪ್ರಯೋಗಾಲಯದ ಬಾಗಿಲಲ್ಲಿ ಕಂಡಿದ್ದೇನೆ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಆ ಮಡಿಕೆಗಳಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯಾಂಡಿಡಾ. ಚರ್ಮ ಹಸಿಹಸಿಯಾಗಿ ಕೆಂಪೇರಿ, ಸುತ್ತ ಸಣ್ಣ ಕೀವುಗುಳ್ಳೆಗಳೇಳುತ್ತವೆ. ಎಷ್ಟೋ ಸಲ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ತಿಳಿದದ್ದೇ ಈ ಸೋಂಕಿನ ಬೆನ್ನು ಹತ್ತಿ ರಕ್ತ ಪರೀಕ್ಷೆ ಮಾಡಿದಾಗ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸಕ್ಕರೆ, ರಕ್ತದೊತ್ತಡದ ಬಗ್ಗೆ ವಿಚಾರಿಸುವಾಗ ಮೈಮೇಲೆ ಎಲ್ಲಾದರೂ ತುರಿಕೆ, ಹುಣ್ಣು ಇದೆಯೇ ಅಕ್ಕಾ ಎಂದು ಒಂದು ಮಾತು ಕೇಳಿದರೆ ಸಾಕು, ಹೇಳಲು ಕಾಯುತ್ತಿರುವವರು ಬಹಳ ಜನರಿದ್ದಾರೆ. ಎಚ್‌ಐವಿ ಇರುವವರ ಸಂಕೋಚ ಇನ್ನೂ ದೊಡ್ಡದು. ಅವರನ್ನು ತಾರತಮ್ಯದಿಂದ ಕಾಯಲು 2017ರ ಕಾಯ್ದೆಯೇ ಇದ್ದರೂ ಮುಖದ ಮೇಲಿನ ಗುಳ್ಳೆ ತಮ್ಮ ಗುಟ್ಟನ್ನು ಬಯಲು ಮಾಡೀತೆಂಬ ಭಯದಲ್ಲಿ ಊರಿನ ಆಸ್ಪತ್ರೆಯನ್ನೇ ತಪ್ಪಿಸಿಕೊಂಡು ಓಡಾಡುತ್ತಾರೆ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಸೀಮೆ ಅಗಸೆಯ ಎಲೆ ಅರೆದು ಹುಳುಕಡ್ಡಿಗೆ ಹಚ್ಚುವುದು ಹಿರಿಯರಿಂದ ಬಂದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬೆಳ್ಳುಳ್ಳಿ ಅರೆದು ಕಟ್ಟುವುದು, ಸುಣ್ಣ ಬಳಿಯುವುದು, ಸೀಮೆಎಣ್ಣೆ ಸವರುವುದು ಚರ್ಮವನ್ನು ಸುಟ್ಟು ಗಾಯ ಮಾಡುತ್ತವೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹೊಸ ಗಾಯವೆಂದರೆ ಹೊಸ ಸೋಂಕಿಗೆ ಕೊಟ್ಟ ಆಹ್ವಾನ. ಅದರ ಬದಲು ಸ್ನಾನದ ನಂತರ ಬೆರಳಸಂದಿ, ತೊಡೆಸಂದಿಗಳನ್ನು ಒತ್ತಿ ಒರೆಸಿಕೊಳ್ಳುವುದು, ಟವೆಲು ಬೇರೆಯಿಟ್ಟುಕೊಳ್ಳುವುದು, ಮಳೆಗಾಲದಲ್ಲಿ ಒಳಬಟ್ಟೆಯನ್ನು ಒಲೆಯ ಶಾಖದಲ್ಲಾದರೂ ಒಣಗಿಸಿ ಇಸ್ತ್ರಿ ಮಾಡಿ ತೊಡುವುದು, ಮನೆಯಲ್ಲಿ ಬೇರೆಯವರಿಗೂ ಹುಳುಕಡ್ಡಿ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಕೊಡಿಸುವುದು ಹೆಚ್ಚು ಫಲ ಕೊಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋಗಿರುವವರು ತಮ್ಮ ಕಾಲ್ಬೆರಳ ಸಂದಿಯ ಬಿರುಕನ್ನು ತಾವೇ ಅರಿಯಲಾರರು, ಮಕ್ಕಳು ಮೊಮ್ಮಕ್ಕಳು ದಿನಕ್ಕೊಮ್ಮೆ ನೋಡಬೇಕು. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಇಡೀ ಕಾಲು ಬಾತುಕೊಂಡು ಆಸ್ಪತ್ರೆ ಸೇರುವವರು ಪ್ರತಿ ಮಳೆಗಾಲದಲ್ಲೂ ಇದ್ದೇ ಇರುತ್ತಾರೆ.

ಇನ್ನು ಇಲಾಖೆಯ ಮುಂದಿಡುವ ಕೋರಿಕೆ. ತಾಲ್ಲೂಕು ಆಸ್ಪತ್ರೆಗಳ ಪ್ರಯೋಗಾಲಯಗಳ ಪರೀಕ್ಷಾ ಪಟ್ಟಿಯಲ್ಲಿ ಚರ್ಮ ಮತ್ತು ಉಗುರಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆಯನ್ನು ಕಡ್ಡಾಯವಾಗಿ ಸೇರಿಸಿ, ಅದನ್ನು ಉಚಿತವಾಗಿ ಮಾಡಬೇಕು. ಸಕ್ಕರೆ ಕಾಯಿಲೆ, ಎಆರ್‌ಟಿ (ಎಚ್‌ಐವಿ ಚಿಕಿತ್ಸೆ), ಡಯಾಲಿಸಿಸ್ ವಿಭಾಗಗಳಿಂದ ಬರುವ ರೋಗಿಗಳಿಗೆ ಮೊದಲ ಆದ್ಯತೆಯಿರಬೇಕು. ಅವರ ಚೀಟಿಯ ತಲೆಯಲ್ಲೇ ರೋಗನಿರೋಧಕ ಶಕ್ತಿ ಕುಂದಿದೆ ಎಂದು ದೊಡ್ಡದಾಗಿ ಬರೆಯುವ ಪದ್ಧತಿ ಬರಬೇಕು, ಆದರೆ ಅದಕ್ಕೆ ಕಾರಣವನ್ನು ಬರೆಯಬಾರದು. ಅದು ರೋಗಿಯ ಖಾಸಗಿ ವಿಷಯ. ಗಂಟು, ಕಪ್ಪಾಗುವ ಗಾಯ, ಕುಳಿಬಿದ್ದ ಗುಳ್ಳೆಗಳಿದ್ದರೆ ತಾಲ್ಲೂಕಿನಲ್ಲಿ ತಡೆದಿಟ್ಟುಕೊಳ್ಳದೆ, ಚರ್ಮದ ತುಣುಕು ತೆಗೆದು ಪರೀಕ್ಷಿಸುವ ಸೌಲಭ್ಯವಿರುವ ವೈದ್ಯಕೀಯ ಕಾಲೇಜಿಗೆ ಅದೇ ದಿನ ಕಳಿಸಬೇಕು. ಇವುಗಳಿಗೆ ಹೊಸ ಕಟ್ಟಡ ಬೇಡ, ದುಬಾರಿ ಯಂತ್ರ ಬೇಡ.

ಬೇಕಾಗುವುದು ತರಬೇತಿ. ಕಫದ ಲೇಪನ ನೋಡಬಲ್ಲ ತಂತ್ರಜ್ಞರಿಗೆ ಚರ್ಮದ ಹೊಟ್ಟಿನಲ್ಲಿ ಶಿಲೀಂಧ್ರದ ಎಳೆಯನ್ನೂ, ಬಟ್ಟೆಯ ನೂಲಿನ ಚೂರನ್ನೂ, ಜೀವಕಣಗಳ ನಡುವಿನ ಗೆರೆಯನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಸುವುದು ಹೆಚ್ಚು ದಿನಗಳ ಕೆಲಸವಲ್ಲ. ನನ್ನಂತೆ ನಿವೃತ್ತರಾದ ಹಲವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಯಾವುದೇ ತಾಲ್ಲೂಕು ಆಸ್ಪತ್ರೆ ಈ ಪರೀಕ್ಷೆಯನ್ನು ಆರಂಭಿಸಲು ಮನಸ್ಸು ಮಾಡಿದರೆ ನಾನು ಸಂಭಾವನೆಯಿಲ್ಲದೆ ಬಂದು ಕಲಿಸಲು ಸಿದ್ಧನಿದ್ದೇನೆ. ಇಲಾಖೆ ಅನುಮತಿ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ